ಪದದ ತೂಬಿನ ಬಳಿ ಕಂಡದ್ದು

ನಾನು ನಿಂತಿದ್ದದ್ದು ಕಾಲುವೆಯ ಎಡದಂಡೆಯ ಮೇಲೆ, ಹೊಂಗೆಯ ಮರದಿಂದ ಸ್ವಲ್ಪ ಈಚೆ. ಹಾನಗಲ್ಲಿನಿಂದ ದಂಡೆ ಹಿಡಿದು ನಡೆದರೆ ಮುರಿದ ಅರಳೆ ಗಿರಣಿಯ ಚಿಮಣಿ ಬಲಕ್ಕೆ ಸಿಗುತ್ತದೆ. ಅದನ್ನು ದಾಟಿ ಕಾಲುವೆ ತಿರುಗುವಲ್ಲಿ ಆ ಹೊಂಗೆ ಇದೆ. ಅದರ ಮುಂದೆ, ಇದೇ ದಂಡೆಯಲ್ಲಿ, ಊರವರು ಪದದ ತೂಬು ಎಂದು ಕರೆಯುವ ಹಳೆಯ ತೂಬು. ಭತ್ತದ ಸುಗ್ಗಿ ಮುಗಿಯುತ್ತ ಬಂದಿದ್ದ ಒಂದು ರವಿವಾರದ ಮುಂಜಾನೆ ಅದು. ಮಂಜು ಕರಗಿತ್ತು. ಬಿಸಿಲು ನನ್ನ ಬೆನ್ನಿಗಿತ್ತು. ಅಂದರೆ ತೂಬಿನ ಕಲ್ಲಿನ ಮುಖದ ಮೇಲೆ ಬಿದ್ದಿತ್ತು. ಹೊಂಗೆ ದಂಡೆಯ ಅಂಚಿಗಿತ್ತು; ನನ್ನ ಮತ್ತು ಕಲ್ಲಿನ ನಡುವೆ ಗಿಡವಿರಲಿಲ್ಲ, ಮನುಷ್ಯರಿರಲಿಲ್ಲ, ಧೂಳು ಇನ್ನೂ ಎದ್ದಿರಲಿಲ್ಲ. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಏಕೆಂದರೆ ನಾನು ಎಲ್ಲಿ ನಿಂತಿದ್ದೆ ಎಂಬುದನ್ನು ಆಮೇಲೆ ನನಗಿಂತ ಚೆನ್ನಾಗಿ ಬಲ್ಲವರು ಬಹಳ ಜನ ಹುಟ್ಟಿಕೊಂಡರು.

ಈ ವಾರ ನನ್ನ ಅಂಗಡಿಯ ಮುಂದಿನ ಗಟಾರಕ್ಕೆ ಸಿಮೆಂಟು ಹಾಕುತ್ತಿದ್ದಾರೆ. ಹಸಿ ಸಿಮೆಂಟಿನ ವಾಸನೆ ಬೆಳಗಿನಿಂದ ಸಂಜೆಯವರೆಗೆ ಒಳಗೆ ಬರುತ್ತದೆ. ಬೇರೆಯವರಿಗೆ ಅದು ಹೊಸ ಮನೆಯ ವಾಸನೆ ಇರಬಹುದು. ನಾನು ಅದು ಮೂಗಿಗೆ ಬಂದ ಕೂಡಲೇ ಕೈಯಲ್ಲಿದ್ದ ಸಣ್ಣ ಸ್ಕ್ರೂ ಕೆಳಗಿಟ್ಟು ಬಾಗಿಲು ಮುಚ್ಚುತ್ತೇನೆ. ನನ್ನದು ಚಾಳೀಸದ ಅಂಗಡಿ. ಕಣ್ಣು ಪರೀಕ್ಷೆ ಮಾಡಿ ಚಾಳೀಸು ಮಾಡಿಕೊಡುವುದು ನನ್ನ ಕೆಲಸ. ಹಾನಗಲ್ಲಿನಲ್ಲಿ ಎಲ್ಲರೂ ನನ್ನನ್ನು ಚಾಳೀಸದ ಆಚಾರ್ರು ಎನ್ನುತ್ತಾರೆ. ನಮ್ಮ ಹಿರಿಯರು ಪಾಠ ಹೇಳುತ್ತಿದ್ದವರು. ಅವರು ಗ್ರಂಥ ಓದಿಸಿದರು, ನಾನು ಗೋಡೆಯ ಮೇಲಿನ ಹಲಗೆಯ ಅಕ್ಷರ ಓದಿಸುತ್ತೇನೆ.

ಜಬೀನಾ ನನ್ನ ಅಂಗಡಿಗೆ ಮೊದಲ ಸಲ ಬಂದದ್ದು ಆ ವರ್ಷದ ಶ್ರಾವಣದಲ್ಲಿ, ಕೊಡೆ ತಿರುವಿ ಹಾಕುವಂಥ ಮಳೆಯಲ್ಲಿ. ಸವಣೂರಿನವಳು. ತಂದೆಗೆ ವೀಳ್ಯದೆಲೆಯ ವ್ಯಾಪಾರ. ನಮ್ಮೂರಿನ ಒಂದು ಖಾಸಗಿ ಶಾಲೆಯಲ್ಲಿ ಭೂಗೋಳ ಕಲಿಸಲು ದಿನವೂ ಬಸ್ಸಿಗೆ ಬಂದು ಹೋಗುತ್ತಿದ್ದಳು. ಬಸ್ಸಿನ ಬೋರ್ಡು ಓದಲು ಆಗುತ್ತಿಲ್ಲ ಎಂಬುದು ದೂರು. ಕುರ್ಚಿಯಲ್ಲಿ ಕೂರಿಸಿ ಹಲಗೆ ತೋರಿಸಿದೆ.

"ಕೆಳಗಿನ ಸಾಲು ಓದ್ರಿ."

"ರ... ಅಲ್ಲರಿ, ಠ ಇರಬೇಕು."

"ಕಾಣ್ತದೋ, ಕಂಡಂಗ ಆಗ್ತದೋ?"

ಆಕೆ ನಕ್ಕಳು. "ಎರಡಕ್ಕೂ ಏನ್ ಫರಕ್ ಐತ್ರಿ ಸರ?"

"ಬಾಳ ಫರಕ್ ಅದ. ಕಂಡ್ರ ನಂಬರ್ ಅಲ್ಲಿಗೆ ನಿಲ್ಲಸ್ತೀನಿ. ಕಂಡಂಗ ಆದ್ರ ಇನ್ನೊಂದು ಗಾಜು ಹಾಕ್ತೀನಿ."

ಇದು ನಾನು ಎಲ್ಲರಿಗೂ ಕೇಳುವ ಪ್ರಶ್ನೆ. ಜನ ಕುರುಡರೆನಿಸಿಕೊಳ್ಳಲು ನಾಚಿ ಅಕ್ಷರವನ್ನು ಊಹಿಸುತ್ತಾರೆ. ಊಹೆಯ ಮೇಲೆ ಚಾಳೀಸು ಕೊಟ್ಟರೆ ಮನುಷ್ಯ ಮೆಟ್ಟಿಲು ತಪ್ಪಿ ಬೀಳುತ್ತಾನೆ.

ಚಾಳೀಸು ತಯಾರಾಗುವವರೆಗೆ ಮಳೆ ನಿಲ್ಲಲಿಲ್ಲ. ಆಕೆ ಫೋನು ತೆಗೆದು ಒಂದು ಆಟದ ವಿಷಯ ಹೇಳಿದಳು. ಜಿಯೋಕ್ಯಾಶಿಂಗ್ ಎನ್ನುತ್ತಾರಂತೆ. ಒಬ್ಬರು ಎಲ್ಲೋ ಒಂದು ಡಬ್ಬಿ ಅಡಗಿಸಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶ ಫೋನಿನಲ್ಲಿ ಹಾಕುತ್ತಾರೆ. ಬೇರೆಯವರು ಅದನ್ನು ಹಿಡಿದು ಹುಡುಕುತ್ತ ಬರುತ್ತಾರೆ.

"ಡಬ್ಬಿಯೊಳಗ ಏನಿರ್ತದ?"

"ಏನೂ ಇರಂಗಿಲ್ರಿ. ಒಂದು ಹಾಳಿ ಇರತೈತಿ. ಬಂದಾವ್ರು ಹೆಸರು ಬರದು, ಡಬ್ಬಿ ಅಲ್ಲೇ ಇಟ್ಟು ಹೋಗೋದು."

"ಏನೂ ಇಲ್ಲದ್ದನ್ನ ಹುಡಕೋದು?"

"ಹಾದಿ ಇರತೈತಲ್ರಿ ಸರ. ಹಾದಿ ನೋಡ್ಲಿ ಅಂತನ ಡಬ್ಬಿ."

ಆಕೆ ಆರಿಸಿಕೊಂಡ ಹಾದಿ ನಮ್ಮ ಕಾಲುವೆಯ ದಂಡೆ. ಅದಕ್ಕೆ ಹಳಬರು ಎಳೆದಾರಿ ಎನ್ನುತ್ತಿದ್ದರು. ಅರಳೆ ಗಿರಣಿ ನಡೆಯುತ್ತಿದ್ದ ಕಾಲದಲ್ಲಿ, ಮಳೆಗಾಲ ಮುಗಿದು ಕಾಲುವೆ ತುಂಬಿರುವಾಗ, ಮೇಲಿನ ಕಾಡಿನ ಕಟ್ಟಿಗೆ ಬಿದಿರನ್ನು ತೆಪ್ಪ ಕಟ್ಟಿ ನೀರಿಗೆ ಬಿಡುತ್ತಿದ್ದರಂತೆ. ತೆಪ್ಪ ದಡಕ್ಕೆ ಸಿಕ್ಕಿಕೊಳ್ಳದಂತೆ ಹಗ್ಗ ಹಾಕಿ, ದಂಡೆಯ ಮೇಲೆ ನಡೆಯುತ್ತ, ಗಿರಣಿಯವರೆಗೆ ಎಳೆದು ತರುವವರು ಬೇರೆಯೇ ಇದ್ದರು. ಆ ಕಟ್ಟಿಗೆ ಗಿರಣಿಯ ಬಾಯ್ಲರಿಗೆ. ಎಳೆಯುವವರು ಹೆಜ್ಜೆ ತಪ್ಪದಿರಲೆಂದು ಹಾಡುತ್ತಿದ್ದರು. ಇದೆಲ್ಲ ಊರವರ ಬಾಯಿಂದ ಕೇಳಿದ್ದು. ಕೇಳಿದ್ದನ್ನು ಕೇಳಿದ್ದೆಂದೇ ಬರೆಯುತ್ತೇನೆ. ಆದರೆ ಒಂದನ್ನು ನಾನೇ ಓದಿದ್ದೇನೆ. ತೂಬಿನ ಪಕ್ಕ ನೆಟ್ಟ ಕಲ್ಲಿನ ಮೇಲೆ, ಕಲ್ಲುಕುಟಿಗನ ಒರಟು ಅಕ್ಷರದಲ್ಲಿ, ಮೂರು ಸಾಲು ಇದ್ದವು:

ಎಳೆದವರ ಹೆಸರಿಲ್ಲ ಎಳೆಸಿದವರ ಹೆಸರುಂಟು
ತೊಳೆಯವ್ವ ನೀರೇ ಬರೆದದ್ದ | ಈ ಕಲ್ಲು
ಉಳಿದಷ್ಟು ದಿನವೇ ನಮ ಮಾತು

ಕಟ್ಟಿದವರು ಯಾರೆಂದು ಗೊತ್ತಿಲ್ಲ. ಹಗ್ಗ ಎಳೆಯುವವನೊಬ್ಬ ಕಟ್ಟಿದ, ಗಿರಣಿಯ ಅಡಿಪಾಯಕ್ಕೆ ಬಂದಿದ್ದ ಕಲ್ಲುಕುಟಿಗನೊಬ್ಬ ಕೆತ್ತಿದ ಎಂದು ಊರ ಮಾತು. ನಮ್ಮ ಮನೆಯಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಗ್ರಂಥಗಳ ಗಂಟುಗಳಿದ್ದವು. ಅವುಗಳಲ್ಲಿ ಎಲ್ಲಿಯೂ ನಮ್ಮೂರ ಕಾಲುವೆಯ ಈ ಮೂರು ಸಾಲಿನ ಸುದ್ದಿಯಿಲ್ಲ. ಪಂಡಿತರು ಯಾರೂ ಅದನ್ನು ಸಾಹಿತ್ಯವೆಂದು ಎಣಿಸಿರಲಿಲ್ಲ. ಭೂಗೋಳದ ಟೀಚರು ಎಣಿಸಿದಳು.

ಮಳೆ ಬಿಡುವು ಕೊಟ್ಟ ಮೇಲೆ ರವಿವಾರಗಳಲ್ಲಿ ನಾನೂ ಆಕೆಯೊಂದಿಗೆ ನಡೆದೆ. ಮೊದಲ ಡಬ್ಬಿ ಹಳೆಯ ಪ್ರವಾಸಿ ಬಂಗಲೆಯ ಕಟ್ಟೆಯಲ್ಲಿ, ಎರಡನೆಯದು ಗಿರಣಿಯ ಗೋಡೆಯ ಗೂಡಿನಲ್ಲಿ. ಮೂರನೆಯದು ತೂಬಿನ ಹತ್ತಿರ. ಅಲ್ಲಿ ನಾನು, ಕಲ್ಲಿನ ಹಿಂದೆ ಸಂದಿಯಿದೆ, ಅಲ್ಲಿಡಿ ಎಂದೆ. ಆಕೆ ಒಪ್ಪಲಿಲ್ಲ.

"ಬ್ಯಾಡ್ರಿ ಸರ. ಹುಡುಕಾವ್ರು ಕಲ್ಲು ಅಲಗಾಡಸ್ತಾರ. ಕಲ್ಲಿಗೆ ಯಾರ ಕೈನೂ ಹತ್ತಬಾರದು. ಗಿಡದ ಬೇರಿನ್ಯಾಗ ಇಡೂಣು, ಅಲ್ಲಿಂದ ನಿಂತು ಕಲ್ಲು ನೋಡ್ಲಿ."

ಹಾಗೆ ಹಳದಿ ಮುಚ್ಚಳದ ಆ ಡಬ್ಬಿ, ಶೇಂಗಾ ಚಟ್ನಿ ಹಾಕಿಡುವಂಥದು, ಹೊಂಗೆಯ ಬೇರಿನ ಪೊಟರೆಗೆ ಹೋಯಿತು. ಕಲ್ಲಿನಿಂದ ಸಾಕಷ್ಟು ದೂರಕ್ಕೆ. ಇದನ್ನು ಓದುವವರು ದಯವಿಟ್ಟು ನೆನಪಿಡಬೇಕು.

ತೂಬಿನ ಕೆಳಗೆ ಬಟ್ಟೆ ಒಗೆಯುತ್ತಿದ್ದ ಫಕೀರವ್ವ ನಮ್ಮನ್ನು ಎರಡು ವಾರ ಸುಮ್ಮನೆ ನೋಡಿ, ಮೂರನೆಯ ವಾರ ಮಾತಿಗೆ ಎಳೆದಳು. ಅವಳ ಮಾವನ ಅಪ್ಪ ಹಗ್ಗ ಎಳೆದವನು. ಅವಳ ತವರು ಹುಲಗೂರು. ಮಕ್ಕಳು ಉಳಿಯದಿದ್ದ ತಾಯಿ ಅಲ್ಲಿನ ದರ್ಗಾಕ್ಕೆ ಹರಕೆ ಹೊತ್ತು ಹೆತ್ತದ್ದರಿಂದ ಫಕೀರವ್ವ ಎಂದು ಹೆಸರು.

"ಏನ್ ಹುಡಕಾಕತ್ತೀರಿ ಟೀಚರಬಾಯಿ? ನಿಧಿ ಸಿಕ್ರ ನನಗೊಂದು ಬೋರಮಾಳ ಮಾಡಸ್ರಿ."

"ನಿಧಿ ಇಲ್ಲಬೇ ಅಮ್ಮ. ಡಬ್ಬಿ ಆಟ."

"ಆಚಾರ್ರೂ ಆಡ್ತಾರೇನ? ಈ ವಯಸ್ಸಿನ್ಯಾಗ?" ಎಂದು ಅವಳು ನನ್ನ ಕಡೆ ನೋಡಿ ನಕ್ಕಳು. "ಆಡ್ರಿ, ಆಡ್ರಿ. ಮನ್ಯಾಗ ಅಕ್ಕಾರಿಗೆ ಹೇಳಂಗಿಲ್ಲ ತಗೋರಿ."

ಸೀಗಿ ಹುಣ್ಣಿಮೆಯ ದಿನ ಅವಳ ಹೊಲದಲ್ಲಿ ನಮಗೆ ಊಟ. ಭತ್ತ ಹೊಡೆ ಬಿಚ್ಚಿ ನಿಂತಿತ್ತು. ಕಡಬು, ಪುಂಡಿಪಲ್ಯ, ಎಣ್ಣೆಗಾಯಿ. ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ ಬಂದ ಫಕೀರವ್ವ ಬದುವಿನ ಮೇಲೆ ಕೂತು ಆ ಮೂರು ಸಾಲನ್ನು ಹಾಡಿದಳು. ಕಲ್ಲಿನ ಮೇಲೆ ಸಪ್ಪೆ ಕಾಣುತ್ತಿದ್ದ ಪದ ಅವಳ ಗಂಟಲಲ್ಲಿ ಹಗ್ಗದ ಹಾಗೆ ಬಿಗಿಯುತ್ತ ಸಡಿಲವಾಗುತ್ತ ಬಂತು. ಜಬೀನಾ ಫೋನಿನಲ್ಲಿ ಹಿಡಿದುಕೊಂಡು, ಡಬ್ಬಿ ಹುಡುಕಿ ಬಂದವರಿಗೆ ಕೇಳಲಿ ಎಂದು ಆಟದ ಪುಟಕ್ಕೆ ಹಾಕಿದಳು. ಹುಬ್ಬಳ್ಳಿಯಿಂದ ಹುಡುಗಿಯರು ಬಂದರು, ಶಾಲೆಯ ಮಕ್ಕಳು ಬಂದರು. ಬಂದವರು ಹೊಂಗೆಯ ಕೆಳಗೆ ನಿಂತು ಕಲ್ಲು ಓದುತ್ತಿದ್ದರು. ಅಷ್ಟು ವರ್ಷದಲ್ಲಿ ಆ ಕಲ್ಲನ್ನು ಅಷ್ಟು ಜನ ಓದಿರಲಿಲ್ಲ.

ಕೆಟ್ಟದ್ದು ಶುರುವಾದದ್ದು ಒಂದು ಶಬ್ದದಿಂದ. ಶಿಗ್ಗಾವಿ ಕಡೆಯ ಒಬ್ಬ ಫೋನಿನ ಸುದ್ದಿಗಾರ ಬಂದು ಚಿತ್ರ ತೆಗೆದುಕೊಂಡು ಹೋದ. ಒಳ್ಳೆಯದನ್ನೇ ಬರೆದ, ಆದರೆ ತಲೆಬರಹಕ್ಕೆ 'ಕಾಲುವೆ ದಂಡೆಯಲ್ಲಿ ನಿಧಿ ಶೋಧ' ಎಂದು ಹಾಕಿದ. ಡಬ್ಬಿ ಎಂದು ಬರೆಯಬಹುದಿತ್ತು. ಜಬೀನಾ ಅದೇ ದಿನ ಫೋನು ಮಾಡಿ ತಿದ್ದಲು ಕೇಳಿದಳು. "ನಿಧಿ ಅಂದ್ರನ ಮಂದಿ ನೋಡ್ತಾರ್ರಿ ಮೇಡಂ" ಎಂದ ಆತ. ನಮ್ಮ ಕಡೆ ನಿಧಿ ಎಂದರೆ ಆಟವಲ್ಲ. ನಿಧಿ ಎಂದರೆ ಅಮಾವಾಸ್ಯೆ, ನಿಂಬೆಹಣ್ಣು, ಗುಂಡಿ. ಹಾಳು ಗುಡಿಯ ಹಿಂದೆ ಬೋರಲು ಬಿದ್ದ ವೀರಗಲ್ಲು. ನಿಧಿ ಹುಡುಕುವವರು ಎಂದರೆ ಕಳ್ಳರು. ಒಂದೇ ದಿನದಲ್ಲಿ ಆಕೆ ಭೂಗೋಳದ ಟೀಚರಿನಿಂದ ನಿಧಿಯ ಟೀಚರಾದಳು. ಮೊದಮೊದಲು ಅದು ನಗೆಯಾಗಿಯೇ ಇತ್ತು. ಬಸ್ಸಿನಲ್ಲಿ ಕಂಡಕ್ಟರು ಕೇಳುತ್ತಿದ್ದ, "ಚಿಲ್ಲರ ಯಾಕ್ರಿ ಮೇಡಂ, ಬಂಗಾರದ ನಾಣ್ಯಾನ ಕೊಡ್ರಲ್ಲ?"

ಕಾಲುವೆಯ ನೀರು ನಿಲ್ಲಿಸಿದರು. ಕೊಯ್ಲು ನಡೆದಿರುವಾಗಲೇ ಕಾಲುವೆಗೆ ಸಿಮೆಂಟಿನ ಹಾಸು ಹಾಕುವ ಕಾಮಗಾರಿ ಬಂತು. ಗುತ್ತಿಗೆದಾರ ಹೊರಗಿನವ; ನಾವು ಅವನ ಮುಖ ನೋಡಲಿಲ್ಲ. ಜಾಗದಲ್ಲಿದ್ದವನು ಅವನ ಸುಪರ್ವೈಜರು. ಯಂತ್ರ ಗಿರಣಿಯ ಹತ್ತಿರ ಬಂದಾಗ ಜಬೀನಾ ನನ್ನನ್ನೂ ಕರೆದುಕೊಂಡು ಅವನ ಬಳಿ ಹೋದಳು. ತೂಬಿನ ಕಲ್ಲು ತೋರಿಸಿದಳು. ಪದ ಓದಿ ಹೇಳಿದಳು. ಹೊಂಗೆಯ ಬೇರಿನಿಂದ ಡಬ್ಬಿ ತೆಗೆದು, ಎಷ್ಟು ಮಂದಿ ಎಲ್ಲೆಲ್ಲಿಂದ ಬಂದು ಈ ಕಲ್ಲು ನೋಡಿದ್ದಾರೆ ಎಂದು ಹಾಳೆ ತೋರಿಸಿದಳು.

ಅವನು ಡಬ್ಬಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. "ಕಲ್ಲು ಬಂಗಾರದ್ದೇನ್ರಿ ಮೇಡಂ?"

"ಅಲ್ಲರಿ. ಅದಕ್ಕ ಬಂಗಾರದಂಗ ಕಾಯಬೇಕಾಗೇತಿ."

"ಆತು ಬಿಡ್ರಿ. ಬಳಸಿ ತಗೋತೇವಿ" ಎಂದ. ಡಬ್ಬಿ ವಾಪಸು ಕೊಟ್ಟ. ಆಕೆ ಅದನ್ನು ಅವನ ಕಣ್ಣೆದುರೇ ಬೇರಿನ ಪೊಟರೆಯಲ್ಲಿಟ್ಟಳು.

ನಂತರದ ರವಿವಾರವೇ ನಾನು ಮೊದಲು ಹೇಳಿದ ಮುಂಜಾನೆ. ಜಬೀನಾ ಸವಣೂರಿನಲ್ಲಿ ತಂಗಿಯ ನಿಶ್ಚಿತಾರ್ಥದಲ್ಲಿದ್ದಳು. ಮಂಜಿಗೆ ಹಾಳೆ ಒದ್ದೆಯಾಗಿರುತ್ತದೆ, ಬದಲಿಸಿ ಬನ್ನಿ ಎಂದು ನನಗೆ ಹೇಳಿದ್ದಳು. ಹೊಸ ಹಾಳೆ ಕಿಸೆಯಲ್ಲಿಟ್ಟುಕೊಂಡು ಹೋಗಿದ್ದೆ. ಹೊಂಗೆಯನ್ನು ಇನ್ನೂ ಮುಟ್ಟಿರಲಿಲ್ಲ.

ತೂಬಿನ ಬಳಿ ಜೆಸಿಬಿ ನಿಂತಿತ್ತು. ಚಾಲಕ ಒಳಗೆ, ಸುಪರ್ವೈಜರು ಕೆಳಗೆ. ತೂಬಿನಡಿ ಉಳಿದಿದ್ದ ಗುಂಡಿಯ ನೀರಿನಲ್ಲಿ ಫಕೀರವ್ವ ಬಟ್ಟೆ ಒಗೆಯುತ್ತಿದ್ದಳು. ಬಕೆಟ್ಟು ಮೊದಲು ಕಲ್ಲಿನ ಎಡಕ್ಕಿದ್ದ ಮಣ್ಣು ತೆಗೆಯಿತು. ಆಮೇಲೆ ನಿಂತಿತು. ಚಾಲಕ ತಲೆ ಹೊರಗೆ ಹಾಕಿ ಏನೋ ಕೇಳಿದ. ಸುಪರ್ವೈಜರು ಕೈ ಬೀಸಿದ, ಮೇಲಿನಿಂದ ಕೆಳಕ್ಕೆ, ಕಟ್ಟಿಗೆ ಸೀಳುವವನ ಹಾಗೆ. ಯಂತ್ರದ ಸದ್ದಿಗೆ ಮಾತು ನನಗೆ ಕೇಳಲಿಲ್ಲ. ಕೇಳಿತೆಂದು ಎಲ್ಲಿಯೂ ಹೇಳಿಲ್ಲ. ಚಾಲಕ ಮತ್ತೆ ಏನೋ ಅಂದ. ಇವನು ಮತ್ತೆ ಕೈ ಬೀಸಿದ. ಬಕೆಟ್ಟು ಮೇಲೆ ಹೋಗಿ ಕಲ್ಲಿನ ನೆತ್ತಿಯ ಮೇಲೆ ಇಳಿಯಿತು. ಕಲ್ಲು ನಡುವೆ ಸೀಳಿತು. ಎರಡನೆಯ ಏಟಿಗೆ ಬಲಗಡೆಯ ಅರ್ಧ ಇನ್ನೊಮ್ಮೆ ಒಡೆದು, ಅದರ ಒಂದು ತುಂಡು ಕಾಲುವೆಗೆ ಜಾರಿತು. ಒಡೆದ ಒಳಮೈ ಹೊಸದಾಗಿ, ನೀಲಿಯಾಗಿ ಹೊಳೆಯಿತು.

"ಏ ಬಾಡ್ಯಾ! ನಿನ್ನ ಕೈ ಸೇದಿ ಹೋಗ್ಲಿ!" ಎಂದು ಫಕೀರವ್ವ ಒದ್ದೆ ಸೀರೆ ಹಿಡಿದುಕೊಂಡೇ ಮೇಲೆ ಹತ್ತಿ ಬಂದಳು.

ನಾನು ಕಲ್ಲಿನ ಕಡೆ ನಡೆದೆ. ಹತ್ತಿರ ಹೋದಾಗ ಸುಪರ್ವೈಜರು ನನ್ನನ್ನು ದಾಟಿಕೊಂಡು ಹಿಂದಕ್ಕೆ, ಹೊಂಗೆಯ ಕಡೆ ಹೋದ. ನಾನು ತಿರುಗಿ ನೋಡಿದೆ. ಬಗ್ಗಿ ಬೇರಿಗೆ ಕೈ ಹಾಕಿದ. ಹಳದಿ ಮುಚ್ಚಳದ ಡಬ್ಬಿ ಹಿಡಿದುಕೊಂಡು ಬಂದ. ಒಡೆದ ಕಲ್ಲಿನ ಬುಡದ ಹಸಿ ಮಣ್ಣಿನಲ್ಲಿ ಅದನ್ನು ಒತ್ತಿಟ್ಟು, ಹಿಂದೆ ಸರಿದು ಫೋನಿನಲ್ಲಿ ಚಿತ್ರ ತೆಗೆದ.

"ಅದನ್ನ ಇಲ್ಲಿ ಯಾಕ ಇಟ್ರಿ?" ಎಂದೆ.

"ಇಲ್ಲೇ ಇತ್ತಲ್ರಿ."

"ಹೊಂಗಿ ಬೇರಿನೊಳಗಿಂದ ನೀವ ತಂದ್ರಿ. ಈಗ ಕಂಡೀನಿ."

"ಏನ್ ಕಂಡೀರಿ ಬಿಡ್ರಿ ಆಚಾರ್ರ. ಬಿಸಲಿಗೆ ಕಣ್ಣು ಮಂಜಾಗಿರ್ತಾವ" ಎಂದ. ಜೀವಮಾನವೆಲ್ಲ ಊರ ಕಣ್ಣು ನೋಡಿದವನಿಗೆ ಈ ಮಾತು. ತಿರುಗಿ ನೋಡಿದಾಗ ಬಿಸಿಲನ್ನು ಹೊಂಗೆ ತಡೆದಿತ್ತು; ಅವನು ಡಬ್ಬಿ ಇಡುವಾಗ ಬಿಸಿಲು ಮತ್ತೆ ನನ್ನ ಬೆನ್ನಿಗೇ ಇತ್ತು.

ಮಧ್ಯಾಹ್ನದೊಳಗೆ ಆ ಚಿತ್ರ ಎಲ್ಲರ ಫೋನಿನಲ್ಲಿತ್ತು. 'ನಿಧಿ ಆಸೆಗೆ ಶಾಸನ ಒಡೆದರು'. ಕೆಳಗೆ ಜಬೀನಾಳ ಹೆಸರು, ಶಾಲೆಯ ಹೆಸರು, ಅಪ್ಪನ ಅಂಗಡಿಯ ಹೆಸರು. ಹೆಸರು ಓದಿದ ಮೇಲೆ ಮಾತು ಬೇರೆ ಹಾದಿ ಹಿಡಿಯಿತು. ಕಲ್ಲು ಒಡೆದದ್ದು ಆಸೆಗಲ್ಲ, ಬೇಕಂತಲೇ ಎಂದು ಬರೆದರು. ಸಂಜೆಗೆ ಊರಿನವರಲ್ಲದ ಕೆಲವರು ಬಂದು, ದಂಡೆಯ ಮೇಲೆ ಉಳಿದಿದ್ದ ತುಂಡುಗಳಿಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ಅದುವರೆಗೆ ಆ ಕಲ್ಲಿಗೆ ಯಾರೂ ಒಂದು ಹೂವು ಏರಿಸಿದ್ದನ್ನು ನಾನು ಕಂಡಿಲ್ಲ. ಎಮ್ಮೆ ಮೈ ತಿಕ್ಕುತ್ತಿದ್ದವು. ಕೂಲಿಯವನ ಹಾಡಾಗಿದ್ದಷ್ಟು ಕಾಲ ಯಾರಿಗೂ ಬೇಡವಾಗಿದ್ದ ಕಲ್ಲು, ಒಡೆದ ಮೇಲೆ ಒಂದು ಹೊತ್ತಿನಲ್ಲಿ ದೇವರಾಯಿತು. ಫಕೀರವ್ವ ಸೊಂಟಕ್ಕೆ ಕೈಯಿಟ್ಟು ಅವರೆದುರು ನಿಂತಳು.

"ಯಾ ದೇವರೋ ಇದು? ನಮ್ಮ ಮಾವನ ಅಪ್ಪ ಹಾಡಿದ ಪದಾನೋ ಇದು. ಒಡದಾಂವ ಜೆಸಿಬಿ ತಗೊಂಡು ಮುಂದ ಹೋಗ್ಯಾನ, ಹೋಗಿ ಅವನ್ನ ಕೇಳ್ರಿ."

"ನಿನ್ನ ಹೆಸರೇನಬೇ ಮುದುಕಿ?"

"ಫಕೀರವ್ವ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಗೊತ್ತಾತು ಬಿಡು" ಎಂದರು. ಏನು ಗೊತ್ತಾಯಿತು ಅವರಿಗೆ? ಈ ಸೀಮೆಯಲ್ಲಿ ಓಣಿಗೊಬ್ಬ ಫಕೀರಪ್ಪ, ಓಣಿಗೊಬ್ಬ ಫಕೀರವ್ವ ಇದ್ದಾರೆ. ಹರಕೆಗೆ ಹುಟ್ಟಿದ ಅರ್ಧ ಸೀಮೆಯನ್ನು ಒಂದು ಮಾತಿನಲ್ಲಿ ಸುಳ್ಳು ಸಾಕ್ಷಿ ಮಾಡಿ ಅವರು ಗಾಡಿ ಹತ್ತಿದರು.

ಮರುದಿನ ನಾನು ಠಾಣೆಗೆ ಹೋದೆ. ಯಾರೂ ಕರೆದಿರಲಿಲ್ಲ. ದೂರು ಕೊಟ್ಟವನು ಸುಪರ್ವೈಜರು. ಜಬೀನಾಳನ್ನು ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕೂರಿಸಿದ್ದರು. ಪಕ್ಕದಲ್ಲಿ ಅವಳ ತಂದೆ, ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಮಡಚಿ ಹಿಡಿದಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಆ ಹಿರಿಯರು ನನಗೆ ಎದ್ದು ನಿಲ್ಲಬೇಕಾದದ್ದೇನಿತ್ತು?

ರೈಟರು ನನ್ನ ಹೇಳಿಕೆ ಬರೆದುಕೊಂಡ. ಒರಟು ಮನುಷ್ಯನಲ್ಲ, ಅವನ ಹೆಂಡತಿಯ ಚಾಳೀಸು ನನ್ನ ಅಂಗಡಿಯದೇ. ಬರೆದು ಮುಗಿಸಿ, "ಸಹಿ ಮಾಡ್ರಿ" ಎಂದು ಮುಂದೆ ತಳ್ಳಿದ. ನಾನು ಚಾಳೀಸು ಹಾಕಿಕೊಂಡು ಓದಿದೆ. 'ಜೆಸಿಬಿಯು ಸದರಿ ಕಲ್ಲಿಗೆ ತಾಗಿದಂತೆ ಕಂಡಂತಾಯಿತು. ಸದರಿ ವ್ಯಕ್ತಿಯು ಡಬ್ಬಿಯನ್ನು ತಂದಂತೆ ಕಂಡಂತಾಯಿತು.'

"ಇದು ನಾ ಹೇಳಿದ್ದಲ್ಲ" ಎಂದೆ. "ಕಂಡೆ ಅಂತ ಬರೀರಿ."

"ಎರಡೂ ಒಂದ ಅಲ್ರಿ ಆಚಾರ್ರ?"

"ಒಂದ ಅಲ್ಲ."

"ಬರಿಯೂ ರೀತಿ ಹಂಗರಿ. ಎಲ್ಲಾರಿಗೂ ಹಂಗ ಬರಿತೇವಿ. ದೂರ ಇದ್ರಿ, ವಯಸ್ಸಾಗೇತಿ, ಚಾಳೀಸ ಬ್ಯಾರೆ ಹಾಕ್ಕೋತೀರಿ."

"ಚಾಳೀಸು ಹತ್ತರದ್ದಕ್ಕ. ದೂರದ್ದು ನನಗ ಸ್ವಚ್ಛ ಕಾಣ್ತದ. ಕಲ್ಲು ಒಡದದ್ದು ಬರಿಗಣ್ಣಿಲೆ ಕಂಡೀನಿ. ನೀವು ಬರದದ್ದು ನೋಡ್ಲಿಕ್ಕ ಚಾಳೀಸು ಬೇಕಾತು."

ಬೆಂಚಿನ ಮೇಲಿದ್ದ ಜಬೀನಾ ಅಷ್ಟು ಹೊತ್ತಿನಲ್ಲಿ ಒಮ್ಮೆ ಮಾತ್ರ ತಲೆ ಎತ್ತಿದಳು. ರೈಟರು ಪೆನ್ನಿನ ಮುಚ್ಚಳ ಹಾಕಿದ. "ಸಾಹೇಬ್ರು ಬರೂಮಟ ಕುಂತ್ರಿ" ಎಂದ. ಕೂತೆ. ಸಾಹೇಬರು ಬಂದು, ಓದಿ, "ಇಷ್ಟಕ್ಕ ಯಾಕ್ರಿ ತಕರಾರು? ಅರ್ಥ ಒಂದ ಆಗ್ತದಲ್ಲ" ಎಂದರು. ಅರ್ಥ ಒಂದೇ ಆಗುವುದಾದರೆ ನನ್ನ ಮಾತನ್ನೇ ಬರೆಯಲು ಏನು ಅಡ್ಡಿ ಎಂದು ಕೇಳಿದೆ. ಅವರು ಹಾಳೆಯನ್ನು ರೈಟರ ಕಡೆ ತಳ್ಳಿದರು. ನಾನು ಸಹಿ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಫಕೀರವ್ವ ಬಂದಳು, ತಾನಾಗಿ, ಬಸ್ಸು ಹತ್ತಿ. ಅವಳಿಗೆ ಕಣ್ಣಿನಲ್ಲಿ ಪೊರೆ ಇದೆ ಎಂದು ಹೇಳಿಕೆಯನ್ನೇ ಬರೆದುಕೊಳ್ಳಲಿಲ್ಲ. ಪೊರೆ ಇರುವುದು ಎಡಗಣ್ಣಿನಲ್ಲಿ. ಬಲಗಣ್ಣಿನದು ತೆಗೆಸಿಯಾಗಿದೆ, ಆಮೇಲೆ ಆ ಕಣ್ಣನ್ನು ಪರೀಕ್ಷೆ ಮಾಡಿದವನು ನಾನು. ಆ ಕಣ್ಣಿಗೆ ನನ್ನ ಹಲಗೆಯ ಕೊನೆಯ ಸಾಲು ಕಾಣುತ್ತದೆ. ಅದನ್ನೂ ಹೇಳಿದೆ. "ನೀವು ಡಾಕ್ಟರ್ ಅಲ್ಲಲ್ರಿ" ಎಂದರು.

ಸಂಜೆ ಜಬೀನಾಳನ್ನು ಬಿಟ್ಟರು. ಪ್ರಕರಣವನ್ನು ಬಿಡಲಿಲ್ಲ. 'ವಿಚಾರಣೆ ಬಾಕಿ' ಎಂಬ ಎರಡು ಶಬ್ದ ಆಕೆಯ ಹೆಸರಿಗೆ ಅಂಟಿಕೊಂಡಿತು. ಶಾಲೆಯವರು ಕೆಲಸದಿಂದ ತೆಗೆದೆವೆಂದು ಹೇಳಲಿಲ್ಲ. "ಗದ್ದಲ ತಣ್ಣಗಾಗೂತನಕ ಮನ್ಯಾಗ ಇರ್ರಿ" ಎಂದರು. ಯುಗಾದಿಗೆ ಮೊದಲೇ ಬೇರೆ ಟೀಚರು ಬಂದರು. ಗದ್ದಲ ಎಬ್ಬಿಸಿದವರು ಯಾರೂ ಮನೆಯಲ್ಲಿ ಕೂರಲಿಲ್ಲ. ಕಾಲುವೆಯ ಸಿಮೆಂಟು ತೂಬನ್ನು ದಾಟಿ ಮುಂದೆ ಹೋಯಿತು. ಕಾಲುವೆಗೆ ಜಾರಿದ ತುಂಡು ಅದರಡಿ ಹೂತಿದೆ. ದಂಡೆಯ ಮೇಲಿದ್ದ ಎರಡನ್ನು, ದಂಡೆ ಕುಸಿಯದಂತೆ ಹೊದಿಸುವ ಪಿಚಿಂಗಿನ ಕಲ್ಲಿನ ಜೊತೆ ಸೇರಿಸಿಬಿಟ್ಟರು. ದೇವರೆಂದು ಕಾಯಿ ಒಡೆದವರು ಆಗ ಬರಲಿಲ್ಲ.

ಬೇಸಿಗೆಯಲ್ಲಿ ಒಮ್ಮೆ ಸವಣೂರಿಗೆ ಹೋಗಿದ್ದೆ. ಜಬೀನಾ ಅಪ್ಪನ ಅಂಗಡಿಯಲ್ಲಿ ಕೂತು ಎಲೆ ಆಯ್ದು ಕಟ್ಟು ಕಟ್ಟುತ್ತಿದ್ದಳು. ಬೆರಳ ತುದಿ ಹಸಿರಾಗಿತ್ತು. ಫೋನಿನಿಂದ ಆಟ ತೆಗೆದುಹಾಕಿದ್ದಳು. ಇನ್ನೆರಡು ಡಬ್ಬಿಗಳನ್ನು ನಾನು ತಂದುಕೊಟ್ಟರೆ, ತೆಗೆದುಕೊಳ್ಳಲಿಲ್ಲ.

"ಇಟ್ಕೋರಿ ಸರ. ಅಪ್ಪಾಜಿ ನೋಡಿದ್ರ ಹೆದರ್ತಾರ."

"ಹೆದರೋ ತಪ್ಪು ನೀವೇನೂ ಮಾಡಿಲ್ಲ."

"ಮಾಡಿದ್ರ ಹೆದರತಿದ್ದಿಲ್ರಿ, ದಂಡ ಕಟ್ಟಿ ಬರ್ತಿದ್ವಿ. ಮಾಡದ್ದಕ್ಕ ಏನ್ ಕಟ್ಟೋದು ಅಂತನ ತಿಳೀವಲ್ದು." ಮಾತು ತಿರುಗಿಸಿ, ನನ್ನ ಮುಂದೆ ಎಲೆ ಅಡಿಕೆ ಇಟ್ಟಳು. "ಎಳಿ ಎಲಿ ಅದಾವ, ಹಾಕ್ಕೋರಿ."

ನನಗೆ ಅದು ಬಾಯಿಗೆ ಹೋಗಲಿಲ್ಲ. ತಿರುಗಿ ಬರುವ ಬಸ್ಸಿನಲ್ಲಿ ಕೈಯಲ್ಲೇ ಬಾಡಿತು.

ಮುಂಗಾರಿನ ಮಿರುಗದ ಮಳೆ ಬೀಳುವ ಮುಂಚೆ ಒಂದು ಮಧ್ಯಾಹ್ನ, ಸುಮಾರು ಮೂವತ್ತರ ಒಬ್ಬ ಗಂಡಸು ಅಂಗಡಿಗೆ ಬಂದ. ಕಣ್ಣು ಕೆಂಪು, ನೀರು ಸುರಿಯುತ್ತಿತ್ತು. ಧೂಳಿನ ಕೆಲಸ ಎಂದ. ನಾನು ಗುರುತು ಹಿಡಿಯಲಿಲ್ಲ. ಆ ಮುಂಜಾನೆ ಅವನ ತಲೆಗೆ ಟವೆಲು ಸುತ್ತಿತ್ತು. ಪರೀಕ್ಷೆ ಮಾಡಿದೆ, ನಂಬರು ಸಣ್ಣದು, ಧೂಳು ಹೋಗದಂತೆ ಸುತ್ತ ಮುಚ್ಚಿದ ಚಾಳೀಸು ಕೊಡುತ್ತೇನೆ ಎಂದೆ. ಅವನು ಎದ್ದು ಹೋಗಲಿಲ್ಲ.

"ನಾ ನಿಮ್ಮನ್ನ ಕಂಡೇನ್ರಿ ಅವತ್ತು" ಎಂದ. "ಹೊಂಗಿ ಗಿಡದ ಕಡೆ ನಿಂತಿದ್ರಿ. ಮಶೀನ್ ಮ್ಯಾಲೆ ಇದ್ದಾಂವ ನಾನ."

ನಾನು ಕೈಯಲ್ಲಿದ್ದುದನ್ನು ಕೆಳಗಿಟ್ಟೆ.

"ಕಲ್ಲ ಐತ್ರಿ, ಬಳಸಿ ತಗೋತೇನಿ ಅಂದೆ. 'ಬಳಸಿದ್ರ ಲೈನ್ ಸೊಟ್ಟ ಆಗತೈತಿ, ಹೊಡಿ' ಅಂದ್ರು. ಅಕ್ಷರ ಅದಾವ್ರಿ ಅಂದೆ. 'ನಿನಗೇನ್ ಸಾಲಿ ಕಲಸಾಕ ಕರದೇನೇನಲೇ? ಹೊಡಿ' ಅಂದ್ರು. ಹೊಡದೆ." ಅವನು ಕಣ್ಣೊರೆಸಿಕೊಂಡ, ಅದು ಧೂಳಿನ ನೀರೋ ಬೇರೆಯೋ ನಾನು ಹೇಳಲಾರೆ. "ಡಬ್ಬಿ ತಂದು ಇಟ್ಟಿದ್ದೂ ಕಂಡೇನ್ರಿ. ಆ ಬಾಯಿ ಅಲ್ಲಿ ಇರಲೇ ಇಲ್ಲ."

"ಅವತ್ತ ಯಾಕ ಹೇಳಲಿಲ್ಲ?"

"ಮಶೀನ್ ನಂದಲ್ರಿ ಆಚಾರ್ರ. ಮನ್ಯಾಗ ಕೂಸು ಹಸೇದೈತಿ."

ನಾನು ಅವನನ್ನು ಬಯ್ಯಲಿಲ್ಲ. ಸಿಟ್ಟು ಬಂದಿತ್ತು, ಆದರೆ ಅವನ ಮೇಲೆ ಹಾಕಲು ಮನಸ್ಸಾಗಲಿಲ್ಲ. ಎರಡು ಸಲ ಬೇಡವೆಂದವನು ಅವನೊಬ್ಬನೇ. ಇದನ್ನೆಲ್ಲ ಬರೆಯಬೇಕೆಂದಿದ್ದೇನೆ, ನಿನ್ನ ಹೆಸರು ಹಾಕುವುದಿಲ್ಲ, ಚಾಲಕ ಎಂದಷ್ಟೇ ಬರೆಯುತ್ತೇನೆ ಎಂದೆ. ಅವನು ಹೂಂ ಎಂದು ಹೊರಟ. ಮೆಟ್ಟಿಲು ಇಳಿದು, ಚಪ್ಪಲಿ ಮೆಟ್ಟಿ, ಮತ್ತೆ ಬಿಟ್ಟು ಮೇಲೆ ಬಂದ.

"ಚಾಲಕ ಅಂದ್ರ ಯಾರಂತ ತಿಳ್ಕೊಬೇಕ್ರಿ ಮಂದಿ? ಹೆಸರು ಬರೀರಿ. ಊರೂ ಬರೀರಿ. ಆ ಸುಪರ್ವೈಜರ್ ಹತ್ರ ಕೆಲಸ ಬಿಟ್ಟೇನಿ."

"ಇನ್ನೊಬ್ಬಾಂವ ಕೆಲಸ ಕೊಡ್ತಾನಂತ ಧೈರ್ಯ ಅದ ಏನು?"

"ಇಲ್ರಿ" ಎಂದ. "ಬರೀರಿ."

ಅವನನ್ನು ಕರೆದುಕೊಂಡು ಠಾಣೆಗೆ ಹೋದೆ. ಹಳೆಯ ಪ್ರಕರಣ, ಸಾಹೇಬರು ಬದಲಾಗಿದ್ದಾರೆ, ಕರೆದಾಗ ಬನ್ನಿ ಎಂದರು. ಇದುವರೆಗೆ ಕರೆದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಜಬೀನಾ ಆ ಮುಂಜಾನೆ ಅಲ್ಲಿರಲಿಲ್ಲ. ಆಕೆ ಏನನ್ನೂ ಕಂಡಿಲ್ಲ. ಕಂಡವರು ಇವರು. ಫಕೀರವ್ವ, ತೂಬಿನ ಕೆಳಗಿನ ಓಣಿಯವಳು. ಮಂಜುನಾಥ, ಹಿರೇಕೆರೂರು ತಾಲೂಕಿನವನು, ಯಂತ್ರದ ಮೇಲಿದ್ದವನು. ಕೈ ಬೀಸಿದ ಸುಪರ್ವೈಜರು. ಅವನ ಹೆಸರನ್ನು ಅವನೇ ಬಂದು ಹೇಳಲಿ. ಮತ್ತೆ ನಾನು. ನಾಲ್ವರೂ ಕಂಡೆವು. ನಾಲ್ವರೂ ಇನ್ನೂ ಬದುಕಿದ್ದೇವೆ.